ಗುಮ್ಮಟ ನೋಡಿದ್ದೇವೆ, ಬಾವಡಿ ನೋಡಿಲ್ಲ

ಉತ್ತರ ಕರ್ನಾಟಕದ ಶಾಲೆಯಲ್ಲಿ ಓದಿದವರಿಗೆ ವಿಜಯಪುರದ ಟ್ರಿಪ್ ತಪ್ಪಿದ್ದಲ್ಲ. ನಾವೆಲ್ಲ ಹೋಗಿದ್ದೇವೆ. ಬುತ್ತಿ ಕಟ್ಟಿಕೊಂಡು, ಬಸ್ಸಿನಲ್ಲಿ ಮೂವರ ಸೀಟಿಗೆ ಐವರು ಕೂತು, ಗೋಳಗುಮ್ಮಟದ ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿ, ಮೇಲೆ ಹೋಗಿ ನಮ್ಮ ಹೆಸರು ನಾವೇ ಕೂಗಿಕೊಂಡು ಬಂದವರು. ತೋಪಿನ ಬಾಯೊಳಗೆ ತಲೆ ಹಾಕಿದ್ದೇವೆ. ಇಬ್ರಾಹಿಂ ರೋಜಾದ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಿದ್ದೇವೆ. ವಾಪಸ್ ಬಂದು 'ನಾನು ಕಂಡ ಐತಿಹಾಸಿಕ ಸ್ಥಳ' ಅಂತ ಪ್ರಬಂಧ ಬರೆದಿದ್ದೇವೆ.

ಹೋದ ಬೇಸಿಗೆಯಲ್ಲಿ ನಮ್ಮಲ್ಲೊಬ್ಬನ ಅವ್ವ ಮೊದಲ ಸಲ ಗುಮ್ಮಟ ನೋಡಲು ಬಂದರು. ಅರವತ್ತು ದಾಟಿದ ಜೀವ. ಅವರ ಊರಿಗೆ ಆ ತಿಂಗಳು ಟ್ಯಾಂಕರ್ ನೀರು ಬರುತ್ತಿತ್ತು. ಗುಮ್ಮಟದ ಮುಂದೆ ನಿಂತು ಕತ್ತೆತ್ತಿ ಒಂದು ಗಳಿಗೆ ನೋಡಿದರು. ನಾವು ಹಾಂ, ಈಗ ಏನಾದರೂ ಹೊಗಳುತ್ತಾರೆ ಅಂದುಕೊಂಡೆವು. ಅವರು ಕೇಳಿದ್ದು ಬೇರೆ.

'ಅಲ್ಲೋ ತಮ್ಮಾ, ಇಷ್ಟು ದೊಡ್ಡ ಊರಾಗ ಮಂದಿ ನೀರು ಎಲ್ಲಿಂದ ಕುಡಿತಿದ್ರೋ? ಇಲ್ಲಿ ಹೊಳಿ ಇಲ್ಲ, ಹಳ್ಳ ಇಲ್ಲ.'

ನಾವು ನಾಲ್ಕು ಜನ ಪತ್ರಿಕೋದ್ಯಮ ಓದಿದವರು. ಒಬ್ಬರ ಬಾಯಲ್ಲೂ ಉತ್ತರ ಬರಲಿಲ್ಲ. ಅವತ್ತಿನಿಂದ ಆ ಊರನ್ನು ಮತ್ತೆ ನೋಡಲು ಶುರು ಮಾಡಿದೆವು. ಈ ಸಲ ಗುಮ್ಮಟದಿಂದಲ್ಲ, ನೀರಿನಿಂದ.

ಅವ್ವನ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ನಕ್ಷೆ ತೆಗೆದು ನೋಡಿ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಎರಡೂ ದೂರ. ನಡುವೆ ಹರಿಯುವ ಡೋಣಿ ನೀರಿಗಿಂತ ತನ್ನ ಎರೆಮಣ್ಣಿಗೆ ಹೆಸರಾದ ಹೊಳೆ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಅನ್ನುತ್ತಾರೆ ನಮ್ಮ ಕಡೆ. ಆದರೆ ಅದರ ನೀರು ಸವಳು, ಕುಡಿಯಲು ಬಾರದು. ಕೆಳಗೆ ಕರಿಕಲ್ಲಿನ ಹಾಸು. ಮಳೆ ಬಂದರೂ ಆ ಕಲ್ಲಿನ ಸೀಳುಗಳಲ್ಲಿ ಎಷ್ಟು ಇಳಿಯುತ್ತದೋ ಅಷ್ಟೇ ಉಳಿಯುವುದು. ಬೋರು ಹಾಕಿಸಿದವರಿಗೆ ಈ ಮಾತು ಹೇಳಿಕೊಡಬೇಕಿಲ್ಲ. ಒಂದು ಹೊಲದಲ್ಲಿ ಎರಡು ಇಂಚು ನೀರು ಬಿದ್ದರೆ ಪಕ್ಕದ ಹೊಲದಲ್ಲಿ ಬರೀ ಧೂಳು ಏಳುತ್ತದೆ.

ಇಂಥ ಜಾಗದಲ್ಲಿ ಒಂದು ರಾಜಧಾನಿ ಸುಮಾರು ಇನ್ನೂರು ವರ್ಷ ಬಾಳಿತು. ಬಹಮನಿ ಸುಲ್ತಾನರ ಕೈಕೆಳಗೆ ಈ ಭಾಗದ ಅಧಿಕಾರಿಯಾಗಿದ್ದ ಯೂಸುಫ್ ಆದಿಲ್ ಖಾನ್ 1490ರ ಹೊತ್ತಿಗೆ ಸ್ವತಂತ್ರನಾದ. ಅವನ ವಂಶದ ಕೊನೆಯ ಸುಲ್ತಾನ ಸಿಕಂದರ್ 1686ರಲ್ಲಿ ಔರಂಗಜೇಬನಿಗೆ ಊರು ಒಪ್ಪಿಸಿದ. ಈ ಎರಡು ಇಸವಿಗಳ ನಡುವೆ ಕಟ್ಟಿದ್ದನ್ನೇ ನಾವು ಇವತ್ತು ಟಿಕೆಟ್ ತೆಗೆದು ನೋಡುವುದು.

ಮೊದಲು ಊರು ಚಿಕ್ಕದಿತ್ತು. ಅರಕಿಲ್ಲೆ, ಅದರ ಸುತ್ತ ಖಂದಕ, ಅದರಾಚೆ ಒಂದಿಷ್ಟು ಮನೆ, ಪೇಟೆ. ಬೆಳೆದದ್ದು ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ, ಅಂದರೆ 1558ರಿಂದ 1580ರವರೆಗೆ. ನಡುವೆ 1565ರ ಯುದ್ಧ ಬಂತು. ತಾಳಿಕೋಟೆ ಯುದ್ಧ, ರಕ್ಕಸತಂಗಡಗಿ ಯುದ್ಧ ಅಂತ ನಾವು ಓದಿದ್ದು ಅದೇ. ದಖ್ಖನಿನ ಸುಲ್ತಾನರು ಒಟ್ಟಾಗಿ ವಿಜಯನಗರವನ್ನು ಸೋಲಿಸಿದರು. ಹಂಪಿ ಹಾಳಾಯಿತು ಅನ್ನುವಲ್ಲಿಗೆ ನಮ್ಮ ಪಠ್ಯಪುಸ್ತಕ ನಿಲ್ಲುತ್ತಿತ್ತು. ಆ ಊರಿನ ಮಂದಿ ಎಲ್ಲಿ ಹೋದರು ಅಂತ ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಂದಿಷ್ಟು ಜನ ದಕ್ಷಿಣಕ್ಕೆ ಪೆನುಗೊಂಡೆ ಕಡೆ ಹೋದರು. ಒಂದಿಷ್ಟು ಜನ ಗೆದ್ದವರ ಊರಿಗೇ ಬಂದರು. ಹೊಟ್ಟೆಪಾಡು ಯಾರು ಗೆದ್ದರು ಯಾರು ಸೋತರು ಅಂತ ನೋಡುವುದಿಲ್ಲ. ಬರಗಾಲಕ್ಕೆ ಗುಳೆ ಹೋಗುವ ನಮ್ಮ ಜನರಿಗೆ ಇದು ಹೊಸದಲ್ಲ.

ಯುದ್ಧದಲ್ಲಿ ಬಂದ ಸಂಪತ್ತಿನಿಂದ ಅಲಿ ಊರಿನ ಸುತ್ತ ಕೋಟೆ ಕಟ್ಟಿಸಿದ. ಸುತ್ತಳತೆ ಸುಮಾರು 10 ಕಿಲೋಮೀಟರ್. ಗೋಡೆ ಕಟ್ಟಿದರೆ ಒಳಗಿರುವವರಿಗೆ ನೀರನ್ನೂ ಕೊಡಬೇಕು. ಇಲ್ಲದಿದ್ದರೆ ಅದು ಕೋಟೆಯಲ್ಲ, ಬೋನು. ಅಲಿ ಅದನ್ನು ಚೆನ್ನಾಗಿ ತಿಳಿದಿದ್ದ. ಅವನ ಕಣ್ಣು ಬಿದ್ದದ್ದು ಪಶ್ಚಿಮಕ್ಕಿರುವ ತೊರವಿಯ ಮೇಲೆ.

ತೊರವಿ ಅಂದ ಕೂಡಲೆ ಕನ್ನಡದವರಿಗೆ ರಾಮಾಯಣ ನೆನಪಾಗಬೇಕು. ಕುಮಾರ ವಾಲ್ಮೀಕಿ ಅಂತ ಹೆಸರಾದ ನರಹರಿ ಕವಿ ತೊರವೆ ರಾಮಾಯಣ ಬರೆದದ್ದು ಈ ಊರಿನ ನರಸಿಂಹನ ಅಂಕಿತದಲ್ಲಿ. ನೆಲದ ಮಟ್ಟಕ್ಕಿಂತ ಕೆಳಗಿರುವ ಆ ನರಸಿಂಹನ ಗುಡಿಗೆ ಇವತ್ತಿಗೂ ಜನ ನಡೆದುಕೊಳ್ಳುತ್ತಾರೆ. ಇಬ್ರಾಹಿಂ ರೋಜಾ ನೋಡಿದವರು ಇನ್ನೊಂದು ನಾಲ್ಕೈದು ಕಿಲೋಮೀಟರ್ ಮುಂದೆ ಹೋದರೆ ತೊರವಿ. ಯಾವ ಶಾಲೆಯ ಟ್ರಿಪ್ ಬಸ್ಸೂ ಅಲ್ಲಿಗೆ ಹೋಗಿದ್ದನ್ನು ನಾವು ಕಂಡಿಲ್ಲ.

ತೊರವಿ ಕಡೆಯ ನೆಲ ಊರಿಗಿಂತ ಎತ್ತರ. ಅಲ್ಲಿ ನೆಲದೊಳಗೆ ನೀರಿನ ಸೆಲೆ ಇತ್ತು. ಅದನ್ನು ಊರಿಗೆ ತರಲು ಮಾಡಿದ್ದು ಕಾಲುವೆಯಲ್ಲ, ಸುರಂಗ. ಕರೇಜ್ ಅನ್ನುತ್ತಾರೆ. ಇರಾನಿನ ಕಡೆಯ ಹಳೆಯ ವಿದ್ಯೆ ಇದು. ಬೀದರಿನಲ್ಲೂ ಇದೆ. ಕೆಲಸ ಹೀಗೆ: ನೀರು ಸಿಗುವ ಎತ್ತರದ ಜಾಗದಲ್ಲಿ ಮೊದಲು ಒಂದು ಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ಸಾಲಾಗಿ, ನಡುನಡುವೆ ಜಾಗ ಬಿಟ್ಟು, ಇನ್ನಷ್ಟು ಬಾವಿ. ಆಮೇಲೆ ಕೆಳಗಿಳಿದು ಒಂದು ಬಾವಿಯ ತಳದಿಂದ ಇನ್ನೊಂದರ ತಳಕ್ಕೆ ಸುರಂಗ ಕೊರೆಯುತ್ತಾರೆ. ಸುರಂಗಕ್ಕೆ ಬಹಳ ಸಣ್ಣ ಇಳಿಜಾರು ಇರಬೇಕು. ಹೆಚ್ಚಾದರೆ ನೀರು ರಭಸಕ್ಕೆ ಮಣ್ಣು ಕೊರೆಯುತ್ತದೆ, ಕಡಿಮೆಯಾದರೆ ನಿಂತು ಹೂಳು ತುಂಬುತ್ತದೆ. ಮೇಲಿನ ಬಾವಿಗಳಿಂದ ಅಗೆದ ಮಣ್ಣು ಹೊರಗೆ ಬರುತ್ತದೆ, ಗಾಳಿ ಬೆಳಕು ಒಳಗೆ ಹೋಗುತ್ತದೆ, ಮುಂದೆ ರಿಪೇರಿಗೆ ಇಳಿಯಲೂ ದಾರಿ ಅದೇ. ಕರೆಂಟ್ ಬೇಡ, ಮೋಟಾರು ಬೇಡ, ಎತ್ತು ಬೇಡ. ಭೂಮಿಯ ಇಳಿಜಾರೇ ನೀರನ್ನು ಊರಿಗೆ ಕರೆದು ತರುತ್ತದೆ. ನೆಲದೊಳಗೆ ಹರಿಯುವುದರಿಂದ ಬಿಸಿಲಿಗೆ ಆರುವುದೂ ಕಡಿಮೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲು ಕಂಡವರಿಗೆ ಇದರ ಬೆಲೆ ಗೊತ್ತು.

ಇದನ್ನು ಸ್ಥಳೀಯರು ಸುರಂಗ ಬಾವಡಿ ಅನ್ನುತ್ತಾರೆ. ಹೊಲದ ನಡುವೆ ಬಾಯಿ ತೆರೆದುಕೊಂಡ ಹಳೆಯ ಬಾವಿಗಳ ಸಾಲು ಕಂಡರೆ ಕೆಳಗೆ ಸುರಂಗ ಇರಬಹುದು ಅಂತ ಲೆಕ್ಕ. ಅದರ ಕತ್ತಲೆಗೆ ಬಗ್ಗಿ ನೋಡಿದಾಗ ನಮಗೆ ಅನ್ನಿಸಿದ್ದು ಒಂದೇ: ಈ ಕರಿಕಲ್ಲನ್ನು ಉಳಿ, ಸುತ್ತಿಗೆ, ಹಾರೆಯಲ್ಲಿ ಕಡಿದವರು ಯಾರು? ಕಟ್ಟಿಸಿದ ಸುಲ್ತಾನರ ಹೆಸರು ಗೊತ್ತು. ಒಳಗೆ ಮಂಡಿಯೂರಿ ಕೂತು ಎಣ್ಣೆದೀಪದ ಹೊಗೆ ಕುಡಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಅಲಿಯದೇ ಇನ್ನೊಂದು ಕೆಲಸ ಚಾಂದ್ ಬಾವಡಿ. 1579ರದ್ದು. ಕೋಟೆಯ ಶಹಾಪುರ ಬಾಗಿಲಿನ ಹತ್ತಿರ ಇದೆ. ಹೆಂಡತಿ ಚಾಂದಬೀಬಿಯ ಹೆಸರಿಟ್ಟದ್ದು. ಅಹಮದ್‌ನಗರದ ಮಗಳು, ವಿಜಯಪುರದ ಸೊಸೆ. ಗಂಡ ಸತ್ತ ಮೇಲೆ ಬಾಲಕ ಇಬ್ರಾಹಿಮನ ಪರವಾಗಿ ಇಲ್ಲಿ ರಾಜ್ಯ ನಡೆಸಿ, ಮುಂದೆ ತವರಿಗೆ ಹೋಗಿ ಅಕ್ಬರನ ಸೈನ್ಯದ ಎದುರು ಕೋಟೆ ಕಾಪಾಡಿದವಳು. ಅವಳ ಕುದುರೆ ಸವಾರಿಯ ಚಿತ್ರವನ್ನು ಪುಸ್ತಕದಲ್ಲಿ ನೋಡಿದ್ದೇವೆ. ಅವಳ ಹೆಸರಿನ ಬಾವಿಯಲ್ಲಿ ಊರು ನೀರು ಸೇದಿದ್ದು ನಮಗೆ ಗೊತ್ತೇ ಇರಲಿಲ್ಲ.

ಆದರೆ ಒಂದೇ ಬಾವಡಿ ನೋಡುವಷ್ಟು ಹೊತ್ತಿದ್ದರೆ ತಾಜ್ ಬಾವಡಿಗೆ ಹೋಗಿ. ಪಶ್ಚಿಮಕ್ಕೆ, ಮಕ್ಕಾ ಬಾಗಿಲಿನ ಹತ್ತಿರ. ಎರಡನೇ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾ ಹೆಸರಲ್ಲಿ 1620ರಲ್ಲಿ ಕಟ್ಟಿದ್ದು. ರಸ್ತೆಯಿಂದ ನೋಡಿದರೆ ಅದು ಬಾವಿ ಅಂತ ಯಾರೂ ಅನ್ನುವುದಿಲ್ಲ. ದೊಡ್ಡದೊಂದು ಕಮಾನು, ಎರಡೂ ಬದಿಗೆ ಎಂಟು ಮೂಲೆಯ ಬುರುಜು. ಅರಮನೆಯ ಬಾಗಿಲೇ ಇರಬೇಕು ಅಂತ ಒಳಗೆ ಕಾಲಿಟ್ಟರೆ ಮುಂದೆ ನೆಲವೇ ಇಲ್ಲ, ಕೆಳಗೆ ನೀರು. ಸುಮಾರು 220 ಅಡಿ ಚೌಕದ ಹೊಂಡ. ಆಳ 50 ಅಡಿಯ ಮೇಲೆ. ಎರಡೂ ಕಡೆಯಿಂದ ಮೆಟ್ಟಿಲು ಇಳಿಯುತ್ತವೆ. ಬುರುಜಿನ ಅಕ್ಕಪಕ್ಕದ ಕೋಣೆಗಳಲ್ಲಿ ದಾರಿಹೋಕರು, ವ್ಯಾಪಾರಿಗಳು ಇಳಿದುಕೊಳ್ಳುತ್ತಿದ್ದರು.

ಇದನ್ನು ನೋಡುವಾಗ ನಮ್ಮ ಗುಂಪಿನಲ್ಲೊಂದು ಜಗಳ ಆಯಿತು. ಗೋಳಗುಮ್ಮಟ ದೊಡ್ಡದೋ ತಾಜ್ ಬಾವಡಿ ದೊಡ್ಡದೋ ಅಂತ. ಗಾತ್ರದಲ್ಲಿ ಗುಮ್ಮಟವೇ, ಅನುಮಾನ ಇಲ್ಲ. ಆದರೆ ಗುಮ್ಮಟ ಕಟ್ಟಿದ್ದು ಸತ್ತ ಒಬ್ಬ ರಾಜನಿಗೆ, ಅವನ ಮನೆಯವರಿಗೆ. ಬಾವಡಿ ಕಟ್ಟಿದ್ದು ಮರುದಿನ ಬೆಳಿಗ್ಗೆ ಕೊಡ ಹಿಡಿದು ಬರುವವರಿಗೆ. ಯಾವುದು ಮೇಲು ಅಂತ ನೀವೇ ಹೇಳಿ. ನಮ್ಮ ವೋಟು ಬಾವಡಿಗೆ, ಮೂರಕ್ಕೆ ಒಂದು.

ಅದೇ ಇಬ್ರಾಹಿಮನ ಗೋರಿ ಇಬ್ರಾಹಿಂ ರೋಜಾ. ಕೋಟೆಯ ಹೊರಗೆ ಪಶ್ಚಿಮಕ್ಕಿದೆ. ಮೂಲತಃ ರಾಣಿ ತಾಜ್ ಸುಲ್ತಾನಾಗೆ ಅಂತ ಶುರುವಾದದ್ದು. 1627ರಲ್ಲಿ ಇಬ್ರಾಹಿಮನೇ ಮೊದಲು ಸತ್ತ, ಅಲ್ಲೇ ಮಲಗಿದ. ಗೋರಿ ಒಂದು ಕಡೆ, ಮಸೀದಿ ಇನ್ನೊಂದು ಕಡೆ, ನಡುವೆ ಕಾರಂಜಿಯ ಕೊಳ. ಕಲ್ಲಿನ ಜಾಲಂದ್ರದಲ್ಲಿ ಅಕ್ಷರಗಳನ್ನೇ ಕೊರೆದು ಬೆಳಕು ಒಳಗೆ ಬಿಟ್ಟಿದ್ದಾರೆ. ಚೆಲುವಿನಲ್ಲಿ ಇಡೀ ಊರಲ್ಲಿ ಇದಕ್ಕೆ ಸಾಟಿ ಇಲ್ಲ, ಈ ವಿಷಯದಲ್ಲಿ ನಮ್ಮಲ್ಲಿ ಜಗಳ ಇಲ್ಲ. ಸಂಗೀತದ ಹುಚ್ಚಿದ್ದ ಸುಲ್ತಾನ ಇವನು. ದಖ್ಖನಿ ಮಾತಿನಲ್ಲಿ 'ಕಿತಾಬ್-ಎ-ನವರಸ್' ಬರೆದ, ಅದರಲ್ಲಿ ಸರಸ್ವತಿ ಗಣಪತಿಯರನ್ನೂ ನೆನೆದ. ಜನ ಇವನನ್ನು ಜಗದ್ಗುರು ಅಂದರು. 1599ರಲ್ಲಿ ತೊರವಿಯ ಬಳಿ ನವರಸಪುರ ಅಂತ ಹೊಸ ಊರನ್ನೇ ಕಟ್ಟಿಸಲು ಹೊರಟ. ನೀರಿರುವ ಕಡೆಗೇ ಊರು ಒಯ್ಯುವುದು ಜಾಣತನವೇ. ಆದರೆ ಅದಕ್ಕೆ ಗೋಡೆ ಪೂರ್ತಿ ಆಗಿರಲಿಲ್ಲ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ಬಂದು ಅದನ್ನು ಹಾಳು ಮಾಡಿದ. ಸಂಗೀತ ಮಹಲಿನ ಗೋಡೆಗಳು ಈಗಲೂ ಅಲ್ಲಿ ನಿಂತಿವೆ.

ಆಮೇಲೆ ಬಂದವನು ಗುಮ್ಮಟದ ಮುಹಮ್ಮದ್ ಆದಿಲ್ ಶಾಹ, 1627ರಿಂದ 1656. ಊರು ತುಂಬಿ ತುಳುಕಿದ್ದು ಇವನ ಕಾಲದಲ್ಲಿ. ತೊರವಿಯ ನೀರು ಸಾಲದಾಯಿತು. 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ರಾಣಿ ಜಹಾನ್ ಬೇಗಂ ನೆನಪಿಗೆ, 234 ಎಕರೆ ಕೆರೆ. ನೋಡಿ, ಚಾಂದ್, ತಾಜ್, ಬೇಗಂ: ಈ ಊರಿನಲ್ಲಿ ನೀರಿಗೆಲ್ಲ ಹೆಣ್ಣುಮಕ್ಕಳ ಹೆಸರು. ನೀರು ಹೊರುವವರು ಅವರೇ ಅಲ್ಲವೇ ಅಂದರು ಅವ್ವ, ನಗುತ್ತ.

ಕೆರೆಯ ಪಕ್ಕದಲ್ಲಿ ನೆಲದೊಳಗೆ ಒಂದು ಕೋಣೆ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಹೊರಡುತ್ತಿತ್ತು. ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತ ಗಾರೆ ಕಲ್ಲಿನ ಕವಚ ಕಟ್ಟಿ, 15 ಅಡಿಯಿಂದ 50 ಅಡಿ ಆಳದಲ್ಲಿ ಹೂಳಿದ್ದರು. ಮಣ್ಣಿನ ಕೊಳವೆ ಎಷ್ಟು ಒತ್ತಡ ತಡೆದೀತು? ಒಡೆದರೆ 50 ಅಡಿ ಅಗೆದು ಹುಡುಕುವವರು ಯಾರು? ಅದಕ್ಕೆ ಅವರು ಮಾಡಿದ ಉಪಾಯವೇ ಗಂಜ್. ದಾರಿಯುದ್ದಕ್ಕೂ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರ. ಕೊಳವೆಯ ನೀರು ಗೋಪುರದೊಳಗೆ ಬಂದು ಮೇಲೇರಿ, ಒತ್ತಡ ಕಳೆದುಕೊಂಡು, ಮತ್ತೆ ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಹಾಗೆ ತಂಗುವಾಗ ಕೆಸರು, ಮರಳು ತಳದಲ್ಲಿ ಕೂರುತ್ತಿತ್ತು, ತಿಳಿನೀರು ಮುಂದೆ ಹೋಗುತ್ತಿತ್ತು. ಹೊಲಕ್ಕೆ ದೂರದಿಂದ ಪೈಪ್‌ಲೈನ್ ಎಳೆದವರು ನಡುವೆ ಏರ್ ವಾಲ್ವ್ ಕೂರಿಸುತ್ತಾರಲ್ಲ, ಡ್ರಿಪ್ಪಿಗೆ ಫಿಲ್ಟರ್ ಹಾಕುತ್ತಾರಲ್ಲ, ಆ ಎರಡೂ ಕೆಲಸ ಒಂದೇ ಗೋಪುರದಲ್ಲಿ.

ಈ ಗಂಜ್‌ಗಳು ಇನ್ನೂ ನಿಂತಿವೆ. ಮನೆಗಳ ನಡುವೆ, ರಸ್ತೆ ಬದಿಗೆ, ಹೊಲದಂಚಿಗೆ. ಕಲ್ಲಿನ ಚೌಕಾಕಾರದ ಗೋಪುರ, ಬಾಗಿಲಿಲ್ಲ, ಕಿಟಕಿಯಿಲ್ಲ. ಹಳೆಯ ಕಾವಲು ಗೋಪುರ ಇರಬೇಕು ಅಂತ ನಾವು ಎಷ್ಟೋ ಸಲ ದಾಟಿಹೋಗಿದ್ದೇವೆ.

ಬೇಗಂ ತಲಾಬಿನ ನೀರು ಅಸರ್ ಮಹಲಿನ ಮುಂದಿನ ಹೊಂಡಕ್ಕೂ ಬರುತ್ತಿತ್ತು. 1646ರ ಹೊತ್ತಿಗೆ ನ್ಯಾಯ ಹೇಳುವ ಮನೆಯಾಗಿ ಕಟ್ಟಿದ್ದು ಅಸರ್ ಮಹಲ್. ಅರಕಿಲ್ಲೆಯೊಳಗಿನ ಸಾತ್ ಮಂಜಿಲಿನಲ್ಲಿ ಮೇಲಿನ ಅಂತಸ್ತುಗಳಿಗೂ ನೀರಿನ ಕೊಳವೆ ಹೋಗಿತ್ತು. ಅದರ ಎದುರಿನ ಪುಟ್ಟ ಜಲಮಂಜಿಲ್ ಕಾರಂಜಿಗಾಗಿಯೇ ಕಟ್ಟಿದ ಮಂಟಪ. ಇನ್ನು ಊರ ಹೊರಗೆ ಸಿಂದಗಿ ದಾರಿಯಲ್ಲಿ, ಇಪ್ಪತ್ತು ಕಿಲೋಮೀಟರಿನ ಒಳಗೇ, ಕುಮಟಗಿ. ಸುಲ್ತಾನರ ಬೇಸಿಗೆ ಮನೆಗಳು. ಕೆರೆಯ ನೀರನ್ನು ಎತ್ತರಕ್ಕೇರಿಸಿ, ಕೊಳವೆಯಲ್ಲಿ ಇಳಿಸಿ, ಛಾವಣಿಯಿಂದ ಮಳೆಯ ಹಾಗೆ ಸುರಿಸುತ್ತಿದ್ದರು. ಗೋಡೆಯ ಮೇಲೆ ಕುದುರೆಯ ಮೇಲೆ ಚೆಂಡಾಡುವವರ ಚಿತ್ರಗಳು, ಮಸುಕಾಗಿವೆ. ಬಬಲೇಶ್ವರದ ಕಡೆಯವರು ನೋಡಿರುವ ಮಮದಾಪುರದ ದೊಡ್ಡ ಕೆರೆ ಇದೇ ಮುಹಮ್ಮದನದು, 1633ರದ್ದು. ಊರಿನ ಹೆಸರಲ್ಲೇ ಅವನಿದ್ದಾನೆ. ಕುಡಿಯುವ ನೀರಿಗಾಗಿ ಕಟ್ಟಿದ್ದಕ್ಕೂ ಆಟಕ್ಕಾಗಿ ಕಟ್ಟಿದ್ದಕ್ಕೂ ಒಂದೇ ಜಾಣತನ ಬಳಸಿದ್ದಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಹೊಗಳಲು ನಮಗೆ ಮನಸ್ಸಾಗಲಿಲ್ಲ.

ಇನ್ನು ಗೋಳಗುಮ್ಮಟ. ಬಿಟ್ಟರೆ ನೀವು ಬೈಯುತ್ತೀರಿ. ಹೊರಗಿನ ಅಳತೆಯಲ್ಲಿ ಗುಮ್ಮಟದ ಅಡ್ಡಗಲ 44 ಮೀಟರ್. ಒಳಗೆ ಒಂದೂ ಕಂಬ ಇಲ್ಲ. ಒಂದರೊಳಗೊಂದು ಹೆಣೆದುಕೊಂಡ ಕಮಾನುಗಳು ಆ ಭಾರವನ್ನು ಗೋಡೆಗೆ ಇಳಿಸುತ್ತವೆ. ಸುಣ್ಣ ನೆನೆಹಾಕಲು, ಅರೆಯಲು, ಗಾರೆ ಕಲಸಲು, ಕಟ್ಟಿದ್ದನ್ನು ದಿನವೂ ನೆನೆಸಲು ಎಷ್ಟು ಸಾವಿರ ಕೊಡ ನೀರು ಬೇಕಾಗಿತ್ತೋ ಲೆಕ್ಕ ಹಾಕಿ. ಹೊಳೆಯಿಲ್ಲದ ಊರಿನಲ್ಲಿ ಅಂಥದ್ದೊಂದು ಎದ್ದಿದೆ ಅಂದರೆ, ಅದು ನಿಂತಿರುವುದು ಕಲ್ಲಿನ ಮೇಲೆ ಎಷ್ಟೋ ನೀರಿನ ಮೇಲೂ ಅಷ್ಟೇ.

ಇಲ್ಲಿಯವರೆಗಿನದು ಖುಷಿಯ ಕಥೆ. ಮುಂದಿನದು ಹಳ್ಳಿಯವರು ಓದಬೇಕಾದದ್ದು.

1665ರಲ್ಲಿ ಮೊಘಲರ ಸೇನಾಪತಿ ಮಿರ್ಜಾ ರಾಜಾ ಜೈಸಿಂಗ್ ವಿಜಯಪುರದ ಮೇಲೆ ದಂಡೆತ್ತಿ ಬಂದ. ಆಗಷ್ಟೇ ಒಪ್ಪಂದ ಮಾಡಿಕೊಂಡಿದ್ದ ಶಿವಾಜಿಯೂ ಆ ದಂಡಿನಲ್ಲಿದ್ದ. ಊರನ್ನು ಆಳುತ್ತಿದ್ದವನು ಎರಡನೇ ಅಲಿ ಆದಿಲ್ ಶಾಹ. ಬಾರಾ ಕಮಾನಿನ ಅರ್ಧ ಕಟ್ಟಿದ ಗೋರಿಯ ಒಡೆಯ. ಡಿಸೆಂಬರ್ ಕೊನೆಯ ಹೊತ್ತಿಗೆ ದಂಡು ಊರಿಗೆ ಹತ್ತು ಹನ್ನೆರಡು ಮೈಲಿ ದೂರಕ್ಕೆ ಬಂತು. ಅಷ್ಟರಲ್ಲಿ ಊರಿನವರು ಒಂದು ಕೆಲಸ ಮಾಡಿ ಮುಗಿಸಿದ್ದರು. ಕೋಟೆಯ ಸುತ್ತ ಆರು ಮೈಲಿಯ ನೆಲವನ್ನು ಬರಿದು ಮಾಡಿದ್ದರು. ಮರ ಕಡಿಸಿದರು. ಬಾವಿಗಳಿಗೆ ಮಣ್ಣು ತುಂಬಿಸಿದರು. ನವರಸಪುರದ ಕೆರೆ, ಶಹಾಪುರದ ಕೆರೆ ಒಡೆದು ನೀರು ಹರಿಯಬಿಟ್ಟರು. ಶತ್ರುವಿನ ಕುದುರೆಗೆ ಒಂದು ಗುಟುಕು ನೀರು ಸಿಗಬಾರದು, ಅಷ್ಟೇ ಲೆಕ್ಕ.

ಉಪಾಯ ಫಲಿಸಿತು. ಜೈಸಿಂಗ್ ದೊಡ್ಡ ತೋಪುಗಳನ್ನು ತಂದಿರಲಿಲ್ಲ, ನೀರೂ ಮೇವೂ ಇಲ್ಲದೆ ನಿಲ್ಲಲಾಗಲಿಲ್ಲ. 1666ರ ಜನವರಿ ಮೊದಲ ವಾರ ಹಿಂದೆ ತಿರುಗಿದ. ಕೋಟೆಯೊಳಗಿನವರಿಗೆ ಬಾವಡಿಗಳಿದ್ದವು. ಚರಿತ್ರೆಯ ಪುಸ್ತಕಗಳಲ್ಲಿ ಇದನ್ನು ವಿಜಯಪುರದವರ ಜಾಣ್ಮೆಯ ರಕ್ಷಣೆ ಅಂತ ಬರೆದಿರುತ್ತಾರೆ. ಸರಿಯೇ ಇರಬಹುದು. ಆದರೆ ಆ ಆರು ಮೈಲಿಯೊಳಗೆ ಹಳ್ಳಿಗಳಿದ್ದವು. ಮುಚ್ಚಿದ ಪ್ರತಿ ಬಾವಿಯೂ ಯಾರದೋ ಅಜ್ಜ ತೋಡಿಸಿದ್ದು. ಕಡಿದ ಪ್ರತಿ ಮಾವಿನ ಮರವೂ ಯಾರೋ ನೀರು ಹೊತ್ತು ಬೆಳೆಸಿದ್ದು. ಜೈಸಿಂಗ್ ಹಿಂದೆ ಹೋದ, ಸುಲ್ತಾನ ಅರಮನೆಯಲ್ಲಿ ಉಳಿದ. ಮುಂದೆ ಬಂದ ಬೇಸಿಗೆ ಕಳೆದವರು ಆ ಹಳ್ಳಿಯವರು. ನಾವು ಓದಿದ ಎಲ್ಲ ಸಾಲುಗಳಲ್ಲಿ ಇದರ ಮುಂದೆ ನಿಂತಷ್ಟು ಹೊತ್ತು ಬೇರೆ ಎಲ್ಲೂ ನಿಲ್ಲಲಿಲ್ಲ. ನಮ್ಮ ನಾಲ್ವರಲ್ಲಿ ಒಬ್ಬನ ಊರು ಆ ಆರು ಮೈಲಿಯ ಒಳಗೇ ಬರುತ್ತದೆ.

ಇಪ್ಪತ್ತು ವರ್ಷದ ನಂತರ ಮೊಘಲರು ಮತ್ತೆ ಬಂದರು. ಈ ಸಲ ತೋಪು ತಂದಿದ್ದರು, ಬಿಟ್ಟು ಹೋಗಲಿಲ್ಲ. 1685ರಲ್ಲಿ ಹಾಕಿದ ಮುತ್ತಿಗೆ ವರ್ಷ ದಾಟಿತು. ಗೋಡೆಯ ಒಳಗೂ ಹೊರಗೂ ಕಾಳಿಗೆ, ಮೇವಿಗೆ ಬರ. 1686ರ ಸೆಪ್ಟೆಂಬರ್‌ನಲ್ಲಿ ಹದಿಹರೆಯ ದಾಟುತ್ತಿದ್ದ ಸಿಕಂದರ್ ಹೊರಗೆ ಬಂದು ಶರಣಾದ. ಸೆರೆಯಲ್ಲೇ ಸತ್ತ. ಅವನ ಗೋರಿಗೆ ಗುಮ್ಮಟ ಇಲ್ಲ, ಕಮಾನಿಲ್ಲ, ಬಯಲಲ್ಲೊಂದು ಸಾದಾ ಗೋರಿ. ಟ್ರಿಪ್ ಬಸ್ಸು ಅಲ್ಲಿಗೂ ಹೋಗುವುದಿಲ್ಲ.

ರಾಜಧಾನಿ ಹೋದ ಮೇಲೆ ಮಂದಿ ಚದುರಿದರು. ಕೊಳವೆ ರಿಪೇರಿ ಮಾಡಿಸುವವರು ಇಲ್ಲದಾದರು. ನಿಜಾಮ, ಪೇಶ್ವೆ, ಸಾತಾರಾ, 1848ರಿಂದ ಇಂಗ್ಲಿಷರು. ಆಳುವ ಕೈ ಬದಲಾಗುತ್ತ ಹೋಯಿತು. ಊರು ಎಷ್ಟು ಅಗ್ಗವಾಗಿತ್ತು ಅನ್ನಲು ಒಂದೇ ಮಾತು ಸಾಕು: 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, 55 ಟನ್ ತೂಗುವ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಹರಾಜಿಗಿಟ್ಟರು. ಬಂದ ಸವಾಲು 150 ರೂಪಾಯಿ. ಆಮೇಲೆ ಬುದ್ಧಿ ಬಂದು ಹರಾಜು ರದ್ದು ಮಾಡಿದರು. 1876ರಿಂದ 78ರ ದೊಡ್ಡ ಬರ ಈ ಸೀಮೆಯನ್ನು ಹಿಂಡಿತು. 1884ರಲ್ಲಿ ಹೊಟಗಿ-ಗದಗ ರೈಲು ಬಂತು, ಮರುವರ್ಷ ಜಿಲ್ಲಾ ಕಚೇರಿ ಕಲಾದಗಿಯಿಂದ ಇಲ್ಲಿಗೆ ಬಂತು. ಹಳೆಯ ಅದಾಲತ್ ಮಹಲ್ ಕಲೆಕ್ಟರರ ಮನೆಯಾಯಿತು. ಭೂತನಾಳ ಕೆರೆಯ ನೀರು ಬಂತು, ನಲ್ಲಿ ಬಂತು, ಮುಂದೆ ಕೃಷ್ಣೆಯ ನೀರೂ ಬಂತು.

ನಲ್ಲಿ ಬಂದದ್ದು ಒಳ್ಳೆಯದೇ. ಕೊಡ ಹೊತ್ತ ಸೊಂಟಗಳಿಗೆ ಅದರ ಬೆಲೆ ಗೊತ್ತು. ಆದರೆ ನಲ್ಲಿ ಬಂದ ಊರಿನಲ್ಲಿ ಬಾವಿಯ ಗತಿ ಏನಾಗುತ್ತದೆ ಅಂತ ನಿಮಗೆ ನಾವು ಹೇಳಬೇಕೇ? ನಿಮ್ಮ ಊರಿನ ಸೇದುವ ಬಾವಿಗೆ ಹೋಗಿ ಬಗ್ಗಿ ನೋಡಿ. ಪ್ಲಾಸ್ಟಿಕ್ ಬಾಟಲಿ, ಹಳೆಯ ಚಪ್ಪಲಿ, ದೇವರ ಒಡೆದ ಫೋಟೊ. ತಾಜ್ ಬಾವಡಿಗೂ ಅದೇ ಆಯಿತು. ಬಟ್ಟೆ ಒಗೆದರು, ವಿಗ್ರಹ ಮುಳುಗಿಸಿದರು, ಕಸ ಸುರಿದರು. ಕೆಲವು ವರ್ಷಗಳ ಹಿಂದೆ ಸರ್ಕಾರ ಹಲವು ಬಾವಡಿಗಳ ಹೂಳು ತೆಗೆಸಿತು. ಲೋಡುಗಟ್ಟಲೆ ಕೆಸರು ಹೊರಬಿದ್ದ ಮೇಲೆ ತಳದಿಂದ ನೀರು ತಾನಾಗಿ ಏರಿತು. ನಾನೂರು ವರ್ಷವಾದರೂ ಸೆಲೆ ಬತ್ತಿರಲಿಲ್ಲ, ಕಣ್ಣು ಮುಚ್ಚಿತ್ತು ಅಷ್ಟೇ. 2020ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನುವ ಸಂಸ್ಥೆ ಜಗತ್ತಿನಲ್ಲಿ ಕಾಪಾಡಬೇಕಾದ ಜಾಗಗಳ ತನ್ನ ಪಟ್ಟಿಯಲ್ಲಿ ದಖ್ಖನಿನ ಹಳೆಯ ನೀರಿನ ಕೆಲಸಗಳನ್ನೂ ಸೇರಿಸಿತು. ಅಮೆರಿಕದವರಿಗೆ ಕಂಡದ್ದು ನಮ್ಮ ಪ್ರಬಂಧದಲ್ಲಿ ಒಂದು ಸಾಲೂ ಬಂದಿರಲಿಲ್ಲ.

ಹೋಗುವುದಾದರೆ ಹೀಗೆ ಹೋಗಿ ನೋಡಿ. ಬೆಳಿಗ್ಗೆ ಬಿಸಿಲೇರುವ ಮೊದಲು ತೊರವಿ, ನರಸಿಂಹನ ಗುಡಿ, ಸುರಂಗ ಬಾವಡಿ. ಹೊಲಗಳ ನಡುವಿನ ಬಾವಿಗಳಿಗೆ ಕಟ್ಟೆ ಇಲ್ಲ, ಮಕ್ಕಳ ಕೈ ಬಿಡಬೇಡಿ. ಅಲ್ಲಿಂದ ನೀರು ಬಂದ ದಾರಿಯಲ್ಲೇ ಊರಿನ ಕಡೆ ಬನ್ನಿ: ಇಬ್ರಾಹಿಂ ರೋಜಾ, ಮಕ್ಕಾ ಬಾಗಿಲು, ತಾಜ್ ಬಾವಡಿ. ಊಟ ಮಾಡಿ. ಟಾಂಗಾ ಸಿಕ್ಕರೆ ಅದರಲ್ಲೇ ತೋಪು, ಉಪಲಿ ಬುರುಜು, ಗಗನ್ ಮಹಲ್, ಅಸರ್ ಮಹಲಿನ ಹೊಂಡ. ಸಂಜೆಗೆ ಗೋಳಗುಮ್ಮಟ. ಆ ಹೊತ್ತಿಗೆ ಶಾಲೆಯ ಮಕ್ಕಳ ಗಲಾಟೆ ಕಡಿಮೆಯಾಗಿರುತ್ತದೆ.

ಅವ್ವನನ್ನು ನಾವು ಕೊನೆಗೆ ಬೇಗಂ ತಲಾಬಿನ ದಂಡೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ಊರಿಗೆ ಕೊಳವೆ ಹೇಗೆ ಹೋಗಿತ್ತು, ಗಂಜ್ ಏನು ಮಾಡುತ್ತಿತ್ತು ಅಂತ ನಮಗೆ ತಿಳಿದಷ್ಟು ಹೇಳಿದೆವು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿಸಿಕೊಂಡರು. ಆಮೇಲೆ, 'ನಮ್ಮೂರ ಗುಡಿ ಹಿಂದಿನ ಬಾವಿ ಹೂಳು ತಗಸಾಕ ಎಷ್ಟು ಖರ್ಚು ಬರತೈತಿ ಕೇಳಿ ನೋಡ್ರೋ' ಅಂದರು.

ಕೇಳಿದ್ದೇವೆ. ಪಂಚಾಯ್ತಿಯಲ್ಲಿ ಅರ್ಜಿ ಕೊಟ್ಟು ಬಂದಿದ್ದೇವೆ. ಕೆಲಸ ಇನ್ನೂ ಶುರುವಾಗಿಲ್ಲ.